ಎನಿಡ್ ನೋಡುವ ಕ್ರಿಸ್‌ಮಸ್ ಕಂತು
ಲಿವರ್‌ಪೂಲಿನ ಬಂದರುಕೇರಿಯ ಅರ್ಧ ಜನವನ್ನು ಭೂಮಿಗಿಳಿಸಿದ ಮುದಿ ಸೂಲಗಿತ್ತಿ ಎನಿಡ್, ಪ್ರತಿ ಕ್ರಿಸ್‌ಮಸ್ ಸಂಜೆ ಊದಿದ ಕಾಲು ಚಾಚಿಕೊಂಡು, ಹಿಂದಿನ ಕಾಲದ ಸೂಲಗಿತ್ತಿಯರ ಧಾರಾವಾಹಿ ನೋಡುತ್ತ ಗೊಣಗುತ್ತಾಳೆ. “ಏಪ್ರನ್ ಮೇಲೆ ಒಂದು ಕಲೆ ಇಲ್ಲ, ಇವಳು ಬಂದಿದ್ದು ಹೆರಿಗೆಗೋ ಮದುವೆಗೋ? ದಿಬ್ಬ ಹತ್ತುವಾಗ್ಲೂ ಸೈಕಲ್ ಮೇಲೆ ನಗ್ತಾಳೆ, ಮಂಡಿನೋವು ಕಾಣದ ಪುಣ್ಯವಂತೆ.” ತಂಗಿಯ ಮಗಳು ಬ್ರೆಂಡಾ “ಆರಿಸಿಬಿಡ್ಲಾ ದೊಡ್ಡಮ್ಮ?” ಎಂದರೆ, “ಇರೇ, ಬೈಯೋದು ಇನ್ನೂ ಮುಗಿದಿಲ್ಲ” ಎನ್ನುತ್ತಾಳೆ. ಈ ವರ್ಷದ ಕಂತಿನಲ್ಲಿ ಹುಟ್ಟಿದ ಕೂಸು ಅಳಲಿಲ್ಲ. ಎನಿಡ್‌ಳ ಗೊಣಗಾಟ ನಿಂತಿತು. ಅವಳ ಗಂಟುಬಿದ್ದ ಬೆರಳುಗಳು, ಕೂಸಿಗೆ ಉಸಿರು ಬರಿಸುವಂತೆ, ಮಡಿಲಿನ ಶಾಲನ್ನು ಗಸಗಸ ಉಜ್ಜತೊಡಗಿದವು. ಕೊನೆಗೂ ಕೂಸು ಅತ್ತಿತು. ಬ್ರೆಂಡಾ ಕಣ್ಣೊರೆಸಿಕೊಂಡು, “ಉಳೀತಲ್ಲ ದೊಡ್ಡಮ್ಮ” ಎಂದಳು. “ಟಿವೀಲಿ ಉಳಿಯುತ್ತೆ ಕಣೇ” ಎಂದ ಎನಿಡ್ ಉಜ್ಜುತ್ತಲೇ ಇದ್ದಳು.