ಸ್ವಿಚ್ಚಿನೊಳಗಿನ ವಿಭೂತಿ

ನಮ್ಮ ಗೋವಿಂದರಾಜನಗರದ ಮನೆ ಮುಂದೆ ನಿಂತಿದ್ದ ಅಪ್ಪನ ಹಳೆಯ ಕಾರಿನ ಕೀ ತಿರುಗದೆ ವರ್ಷವಾಗಿತ್ತು. "ಸ್ವಿಚ್ ಜಾಮ್ ಆಗಿದೆ ಕಣೋ, ಇಲ್ದಿದ್ರೆ ನಾನೇ ಓಡಿಸ್ತಿದ್ದೆ" ಎಂದು ಅಪ್ಪ ದಿನಾ ಗೊಣಗುತ್ತಿದ್ದರು. ಅಂಥ ಕಾರಿನ ಸ್ವಿಚ್ ನಾಯಂಡಹಳ್ಳಿಯ ಯಾವ ಗ್ಯಾರೇಜಿನಲ್ಲೂ ಸಿಗಲಿಲ್ಲ. ಕೊನೆಗೆ ಒಂದು ಭಾನುವಾರ ನಾನೇ ಬಿಚ್ಚಿದೆ.

ಒಳಗೆ ಗಟ್ಟಿಯಾಗಿ ಕೂತಿದ್ದದ್ದು ವಿಭೂತಿ. ಪ್ರತಿ ಆಯುಧ ಪೂಜೆಗೂ ಅಮ್ಮ ವಿಭೂತಿ ಕಲಸಿ, ಸ್ಟೇರಿಂಗಿಗೆ ಮೂರು ಪಟ್ಟೆ ಎಳೆದು, ಬೆರಳಲ್ಲಿ ಉಳಿದದ್ದನ್ನು ಕೀ ಹಾಕುವ ತೂತಿಗೆ ಒರೆಸುತ್ತಿದ್ದಳು.

"ದೇವರಿಗೆ ಆ ತೂತೇ ಬೇಕಿತ್ತೇನಮ್ಮಾ?" ಎಂದು ರೇಗಿದೆ.

ಸೂಜಿಯಿಂದ ಕೆರೆದು, ಎಣ್ಣೆ ಬಿಟ್ಟು, ಸ್ವಿಚ್ಚನ್ನು ಮತ್ತೆ ಕೂರಿಸಿದೆ. ಕೀ ಎರಡು ಬೆರಳಿಗೇ ತಿರುಗಿತು.

ಅಪ್ಪನನ್ನು ಕರೆತಂದು ಸ್ಟೇರಿಂಗ್ ಮುಂದೆ ಕೂರಿಸಿದೆ. ಅವರು ಕೀ ಹಿಡಿದರು. ಬೆರಳುಗಳು ನಡುಗಿದವು, ಹಣೆ ಬೆವರಿತು, ಕೀ ಅಲುಗಲಿಲ್ಲ. ಎಡಗೈಯನ್ನೂ ಸೇರಿಸಿದರು. ಆಗಲೂ ಇಲ್ಲ.

"ಇನ್ನೂ ಜಾಮ್ ಇದೆ ಕಣೋ" ಎಂದರು, ನನ್ನ ಮುಖ ನೋಡದೆ.

"ಹೌದಪ್ಪಾ, ಹಾಳು ಸ್ವಿಚ್ಚು" ಎಂದೆ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವರ್ಷದಿಂದ ಅಪ್ಪನ ಅಂಗಿಯ ಗುಂಡಿ ಹಾಕುತ್ತಿದ್ದವಳು ಅವಳೇ. ಒಳಗೆ ಹೋಗಿ ವಿಭೂತಿ ಕಲಸಿಕೊಂಡು ಬಂದಳು. ಈ ಸಲ ನಾನು ರೇಗಲಿಲ್ಲ. ತೂತು ಪೂರ್ತಿ ಮುಚ್ಚುವಷ್ಟು ಹಚ್ಚಲಿ ಎಂದು ಕಾರಿನ ಬಾಗಿಲು ಹಿಡಿದು ನಿಂತೆ.