ಯಂತ್ರವನ್ನು ನಿಲ್ಲಿಸಿದ ಕೈ

ವಿವರಣೆಗೆ ಸಿಗದ ಘಟನೆಗಳು ಇರುತ್ತವೆಂದು ನಾನು ಒಪ್ಪಿದವನಲ್ಲ. ಅಂಥವನ್ನು ಹೇಳುವವರನ್ನು ಕಂಡು ಒಳಗೊಳಗೇ ನಕ್ಕದ್ದೂ ಉಂಟು. ಈಗ ನಾನೇ ಒಂದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಹಿರಿಮೆಯೇನೂ ಇಲ್ಲವೆಂಬುದನ್ನು ಓದುಗರು ಮೊದಲೇ ತಿಳಿದಿರಬೇಕೆಂದು ವಿನಂತಿ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಕೆನಡಾಕ್ಕೆ ಬಂದ ಎರಡನೆಯ ಚಳಿಗಾಲದಲ್ಲಿ, ಸ್ಟ್ರೀಟ್ಸ್‌ವಿಲ್‌ನ ಒಂದು ಸಾಲುಮನೆಗಳ ಬಡಾವಣೆಯಲ್ಲಿ ಹಾದಿಯ ಹಿಮ ತೆಗೆಯುವ ಕೆಲಸ ಮಾಡುತ್ತಿದ್ದೆ. ಟ್ಯಾಂಕಿನಂತೆ ಪಟ್ಟಿಗಳ ಮೇಲೆ ಉರುಳುವ, ಮುಂದೆ ಅಗಲವಾದ ಅಲಗಿರುವ ಪುಟ್ಟ ಯಂತ್ರವದು. ಕೊರಳಿಗೆ ತೂಗುಹಾಕಿಕೊಂಡ ರಿಮೋಟಿನ ಎರಡು ಹಿಡಿಕೆಗಳಿಂದ ಅದನ್ನು ನಡೆಸಬೇಕು. ಕಣ್ಣು ಸದಾ ಯಂತ್ರದ ಮೇಲಿರಬೇಕೆಂಬುದು ಮೊದಲ ನಿಯಮ.

ಸಾಲಿನ ಕೊನೆಯ ಮನೆ ಧಾರವಾಡದ ವೆಂಕಟೇಶ ಅವರದು. ಕನ್ನಡಿಗರ ಕೂಟವೊಂದರಲ್ಲಿ ಅವರೆದುರು ನಾನು ಕಂಪನಿಯೊಂದರಲ್ಲಿ ಎಂಜಿನಿಯರ್ ಎಂದು ಹೇಳಿಕೊಂಡಿದ್ದೆ. ಹೀಗಾಗಿ ಅಲ್ಲಿಗೆ ಬಂದಾಗಲೆಲ್ಲ ಮುಸುಕನ್ನು ಕಣ್ಣಿನವರೆಗೆ ಎಳೆದುಕೊಂಡು, ಮನೆಗೆ ಬೆನ್ನು ಮಾಡಿ, ಅಂದಾಜಿನ ಮೇಲೆ ಯಂತ್ರ ನಡೆಸುತ್ತಿದ್ದೆ.

ಸಂಕ್ರಾಂತಿಯ ಬೆಳಗ್ಗೆ ಒಮ್ಮೆ ಹಾದಿ ತೆಗೆದಾಗಿತ್ತು. ಹಿಮ ಮತ್ತೆ ಬಿರುಸಾಗಿ ಸುರಿದದ್ದರಿಂದ ಅರ್ಧ ಗಂಟೆಯ ಬಳಿಕ ಎರಡನೆಯ ಸಲ ಯಂತ್ರ ಬಿಟ್ಟೆ. ಆ ಮನೆಯ ಬಳಿ ಅದರ ಸದ್ದು ಒಮ್ಮೆಲೇ ನಿಂತಿತು. ನಾನು ತಿರುಗಲಿಲ್ಲ. ಹಿಡಿಕೆಗಳನ್ನು ಮುಂದಕ್ಕೆ ಒತ್ತಿದೆ, ಮತ್ತೆ ಒತ್ತಿದೆ, ಮೂರನೆಯ ಸಲ ಬೈದುಕೊಂಡು ಒತ್ತಿದೆ. ಆಮೇಲೆ ನೋಡಿದರೆ ರಿಮೋಟಿನ ತುರ್ತು ನಿಲುಗಡೆಯ ಕೆಂಪು ಗುಂಡಿ ಒಳಗೆ ಕುಳಿತಿತ್ತು. ಅಂಗೈ ಊರಿ ಒತ್ತದ ಹೊರತು ಅದು ಇಳಿಯುವುದಿಲ್ಲ. ನನ್ನ ಎರಡೂ ಕೈಗಳು ಹಿಡಿಕೆಗಳ ಮೇಲಿದ್ದವು.

ಆಗ ತಿರುಗಿದೆ. ಅಲಗಿನಿಂದ ಒಂದು ಗೇಣು ದೂರದಲ್ಲಿ, ಹಿಮ ಕವಿದ ಬಿಳಿ ಶಾಲಿನೊಳಗೆ ವೆಂಕಟೇಶರ ತಾಯಿ ಬಿದ್ದಿದ್ದರು. ಪಕ್ಕದಲ್ಲಿ ತಂಬಿಗೆ, ರಂಗೋಲಿ ಡಬ್ಬಿ. ಊರಿನಿಂದ ಬಂದು ಒಂದು ವಾರವಾಗಿದ್ದ ಅವರು, ನಾನು ತೆರವುಗೊಳಿಸಿದ್ದ ಹಾದಿಗೆ ಹಬ್ಬದ ದಿನವೆಂದು ನೀರು ಚಿಮುಕಿಸಿದ್ದರು. ಆ ನೀರು ಹೆಪ್ಪುಗಟ್ಟಿತ್ತು; ಅದರ ಮೇಲೆಯೇ ಜಾರಿ ಕಾಲು ಮುರಿದುಕೊಂಡಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅವರು ಕನ್ನಡದಲ್ಲಿ ಹೇಳಿದರು: "ಛಲೋ ಆತು ತಮ್ಮಾ. 'ಹೆದರಬ್ಯಾಡ್ರಿ ಅವ್ವಾ, ನಿಲ್ಲಸ್ತೀನಿ' ಅಂತ ನೀ ಕೂಗಿದ್ದು ಕೇಳಿ ಹೋದ ಜೀವ ಬಂದಂಗಾತು."

ನಾನು ಕೂಗಿರಲಿಲ್ಲ. ಮುಸುಕಿನೊಳಗಿರುವವನು ಕನ್ನಡಿಗನೆಂದು ತಿಳಿಯಲು ಅವರಿಗೆ ಯಾವ ದಾರಿಯೂ ಇರಲಿಲ್ಲ.

ವೆಂಕಟೇಶ ಓಡಿಬಂದರು. ಅಷ್ಟರಲ್ಲಿ ಮುಸುಕು ಜಾರಿದ್ದ ನನ್ನ ಮುಖ ನೋಡಿ ಗುರುತು ಹಿಡಿದರು. "ಎಂಜಿನಿಯರ್ ಸಾಹೇಬ್ರು... ಇರ್ಲಿ ಬಿಡ್ರಿ. ನಮ್ಮವ್ವನ ಉಳಿಸಿದ್ರಿ," ಎಂದರು. ನಿಜ ಹೇಳಬೇಕಾದದ್ದು ಆಗಲೇ. ಒಂದು ಸುಳ್ಳು ಕಳಚಿದ ಕ್ಷಣದಲ್ಲೇ ಇನ್ನೊಂದಕ್ಕೆ ತಲೆಯಾಡಿಸಿಬಿಟ್ಟೆ.

ನಮ್ಮ ಮೇಲ್ವಿಚಾರಕರು ರಿಮೋಟನ್ನು ಪರೀಕ್ಷಿಸಿ ದೋಷವಿಲ್ಲವೆಂದರು. ಜಾಕೆಟ್ ತಗುಲಿ ಗುಂಡಿ ಇಳಿಯಬಹುದೇ ಎಂದು ನಾನು ಹಲವು ಸಲ ಪ್ರಯತ್ನಿಸಿದೆ, ಇಳಿಯಲಿಲ್ಲ. ಇಳಿದಿದ್ದರೂ ಆ ದನಿ ಯಾರದೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು.

ಆ ತಾಯಿ ಈಗ ಇಲ್ಲಿಯೇ ಇದ್ದಾರೆ. ಪ್ರತಿ ಸಂಕ್ರಾಂತಿಗೆ ಕರೆದು ಕುಸುರೆಳ್ಳು ಕೊಡುತ್ತಾರೆ. ಕಳೆದ ಸಲ ಪೊಟ್ಟಣ ಕೊಡುತ್ತ, "ಅವತ್ತ ನಿನ್ನ ದನಿ ಬ್ಯಾರೇನ ಇತ್ತು ನೋಡು, ವಯಸ್ಸಾದವರ ಗತೆ. ಗಾಬರಿಗಿರಬೇಕು," ಎಂದು ನಕ್ಕರು. ನಾನು ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಆ ಕೈಗಳು ಅಂದು ಏನು ಮಾಡುತ್ತಿದ್ದವೆಂದು ಅವರಿಗೆ ಇನ್ನೂ ಹೇಳಿಲ್ಲ.