ಅತ್ತೆಗೆ ಬಂದ ಶುಗರ್

ಪೀಣ್ಯದ ವಠಾರಗಳಲ್ಲಿ ಮನೆಮನೆಗೆ ಹೋಗಿ ಎಚ್‌ಐವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಬರೀ ಅದಕ್ಕೇ ಬಂದಿದ್ದೇವೆ ಅಂದರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಬಿಪಿ, ಶುಗರ್ ಕೂಡ ನೋಡುತ್ತೇವೆ. ಎಚ್‌ಐವಿ ಮಾತು ಒಳಗೆ ಕೂತ ಮೇಲೆ, ಒಪ್ಪಿದವರಿಗೆ ಮಾತ್ರ ಪರೀಕ್ಷೆ. ವಠಾರದವರ ಕಣ್ಣಂತೂ ಬಲು ಚುರುಕು. ನಾನು ಯಾರ ಮನೆಯಲ್ಲಿ ಎಷ್ಟು ಹೊತ್ತು ಕೂತೆ ಅನ್ನುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಅದೊಂದು ದಿನ, ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಮಗ ತೀರಿಕೊಂಡಿದ್ದ, ಸೊಸೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅತ್ತೆಯ ಶುಗರ್ ನೋಡಿದೆ, ನಾರ್ಮಲ್ ಇತ್ತು. ಅವರು ಮೊರ ಹಿಡಿದು ಹೊಸ್ತಿಲಾಚೆ ಹೋಗಿ ಕೂತರು. ಬಾಗಿಲು ಮುಂದೆ ಮಾಡಿ ಸೊಸೆಯ ಬೆರಳು ಚುಚ್ಚಿದೆ. ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು, ಅಂದರೆ ಎಚ್‌ಐವಿ ಪಾಸಿಟಿವ್.

ದೊಡ್ಡಾಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡಿ ಖಚಿತ ಮಾಡುತ್ತಾರೆ, ಮಾತ್ರೆ ಪುಕ್ಕಟೆ, ದಿನಾ ನುಂಗಿದರೆ ಎಲ್ಲರಂತೆ ಬಾಳಬಹುದು ಅಂದೆ. ಅವಳು ಬರುವುದಿಲ್ಲ ಅಂದಳು. ತಿಂಗಳು ತಿಂಗಳು ಯಾಕೆ ಆಸ್ಪತ್ರೆ ಅಂತ ವಠಾರ ಕೇಳುತ್ತದೆ, ಗೊತ್ತಾದರೆ ಓನರ್ ಮನೆ ಖಾಲಿ ಮಾಡಿಸುತ್ತಾನೆ. ಎಷ್ಟು ಹೇಳಿದರೂ ಜಗ್ಗಲಿಲ್ಲ. ಮಾತ್ರೆಯಿಲ್ಲದೆ ಅವಳು ಬದುಕುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ಕೊನೆಗೆ ಅವಳೇ ಅತ್ತೆಯನ್ನು ಒಳಗೆ ಕರೆದು ಎಲ್ಲ ಹೇಳಿಬಿಟ್ಟಳು. ಮಗನನ್ನು ತಿಂದುಕೊಂಡವಳು ಅಂತ ಸೊಸೆಯ ಬಟ್ಟೆಬರೆ ಬೀದಿಗೆಸೆದ ಮನೆಗಳನ್ನು ಕಂಡವಳು ನಾನು. ಈ ಅತ್ತೆ ಮಾತ್ರ ಸೊಸೆಯ ತಲೆ ಸವರಿದರು. ಆಮೇಲೆ ಬಾಗಿಲು ಪೂರ್ತಿ ತೆಗೆದು, ನಲ್ಲಿ ಹತ್ತಿರವಿದ್ದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದರು:

"ನಂಗೆ ಶುಗರ್ ಬಂದೈತಂತೆ ಕಣ್ರಮ್ಮ. ತಿಂಗ್ಳು ತಿಂಗ್ಳು ದೊಡ್ಡಾಸ್ಪತ್ರೆಗೆ ಓಗ್ಬೇಕಂತೆ. ಸೊಸೆ ಕರ್ಕೊಂಡೋಗ್ತಾಳೆ."

ಇಷ್ಟು ವರ್ಷ ತರಬೇತಿ ಪಡೆದ ನನಗೆ ಹೊಳೆಯದ ದಾರಿ ಅದು. ಮರುದಿನವೇ ಇಬ್ಬರೂ ಆಸ್ಪತ್ರೆಗೆ ಬಂದರು, ಕೆಲವೇ ದಿನಗಳಲ್ಲಿ ಮಾತ್ರೆ ಶುರುವಾಯಿತು.

ಸಿಹಿ ಅಂದರೆ ಆ ಅತ್ತೆಗೆ ಪ್ರಾಣವಂತೆ. ಅವತ್ತಿನಿಂದ ಅಕ್ಕಪಕ್ಕದವರು ಕೊಟ್ಟ ಪಾಯಸ ಮುಟ್ಟಲಿಲ್ಲ, ಅವರೆದುರು ಸಪ್ಪೆ ಕಾಫಿಯನ್ನೇ ಕುಡಿದರು. ಮುಂದಿನ ಯುಗಾದಿಗೆ ನಾನು ಹೋದಾಗ ಸೊಸೆಯ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದಿತ್ತು. ಆ ಖುಷಿಗೆ ಅವಳು ಬಾಗಿಲು ಹಾಕಿ, ಅತ್ತೆಯ ಬಾಯಿಗೆ ಹೋಳಿಗೆ ಚೂರು ಹಿಡಿದಳು. ಯಾರೂ ನೋಡುವುದಿಲ್ಲ, ತಿನ್ನಿ ಅಂತ ನಾನೂ ಒತ್ತಾಯ ಮಾಡಿದೆ. ಅವರು ಮುಖ ತಿರುಗಿಸಿದರು.

"ಬ್ಯಾಡ ಕಣಮ್ಮ. ಒಳಗೆ ತಿಂದು ರೂಢಿ ಆದ್ರೆ ಆಚೆನೂ ಕೈ ಓಗ್ಬಿಡ್ತದೆ."